ಸುಂದರೇಶನ ತವರ

ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದದ್ದೇ ಸುಂದರೇಶನಿಗೆ ಮುಳುವಾಯಿತು. ಬೇರೆಯವರಾಗಿದ್ದರೆ ಇಂಗ್ಲಿಷಿನಲ್ಲಿ ಎರಡಕ್ಷರ ಗೀಚಿ ಸುಮ್ಮನಾಗುತ್ತಿದ್ದರು. ಇವನು ಹಟಕ್ಕೆ ಬಿದ್ದು ದುಂಡಗೆ "ತವರ" ಎಂದು ಬರೆದಿದ್ದ.

ಹಟ ಬರೀ ಬರವಣಿಗೆಯದಲ್ಲ. "ಮೈಸೂರಲ್ಲಿ ಐಸ್‌ಕ್ಯಾಂಡಿಗಿಂತ ತಣ್ಣಗಿರೋದು ಏನು ಸಿಗುತ್ತಯ್ಯಾ? ಇಲ್ಲಿ ಕೂತು ಅತಿವಾಹಕದ ಸಂಶೋಧನೆ ಮಾಡ್ತೀಯಾ?" ಎಂದು ಪ್ರೊಫೆಸರು ನಕ್ಕಿದ್ದರು. "ತಣ್ಣಗೆ ಮಾಡೋರು ದೆಹಲೀಲಿ ಮಾಡ್ಲಿ ಸಾರ್. ತವರ ಇಲ್ಲೇ ಬೆಳೆಯುತ್ತೆ" ಎಂದು ಇವನು ಎದುರಾಡಿದ್ದ.

ಮಹಾ ತಣ್ಣಗಿನ ದ್ರವ ಹೀಲಿಯಮ್ಮಿನಲ್ಲಿ ಅದ್ದಿದರೆ ತವರದೊಳಗಿನ ಎಲೆಕ್ಟ್ರಾನುಗಳು ಜೋಡಿಗೂಡಿ, ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತವೆ. ಆ ವಿಚಿತ್ರ ಅತಿವಾಹಕ ಸ್ಥಿತಿಯ ಒಳಗುಟ್ಟು ನೋಡಲು ತವರದ ಕಡ್ಡಿಯ ಉದ್ದಕ್ಕೂ ಒಂದೇ ಹರಳಿರಬೇಕು. ಪೆನ್ಸಿಲ್ ಗಾತ್ರದ ಅಂಥ ಕಡ್ಡಿಯೊಂದನ್ನು ಅವನು ಆರು ತಿಂಗಳು ಕೂತು ಬೆಳೆಸಿದ್ದ. ಇವತ್ತು ಸಂಜೆಯ ರೈಲಿಗೆ ಪ್ರೊಫೆಸರು ಅದನ್ನು ದೆಹಲಿಗೆ ಒಯ್ಯುವವರಿದ್ದರು. ಅಲ್ಲಿಯತನಕ ಲ್ಯಾಬಿನಲ್ಲಿ ಯಾರೂ ಮುಟ್ಟದಿರಲೆಂದು ನಿನ್ನೆಯೇ ಡಬ್ಬಿಯಲ್ಲಿಟ್ಟು ಮನೆಗೆ ತಂದಿದ್ದ.

ಮಧ್ಯಾಹ್ನ ದೇವರಾಜ ಮೊಹಲ್ಲಾದ ವಠಾರಕ್ಕೆ ಊಟಕ್ಕೆ ಬಂದರೆ ಹೆಂಡತಿ ಚೂಡಾಮಣಿ ಮನೆಯಲ್ಲಿಲ್ಲ. ಡಬ್ಬಿಯೂ ಖಾಲಿ.

"ಅಯ್ಯೋ, ತವರ ಹೋಯ್ತು!" ಎನ್ನುತ್ತ ಅಂಗಳಕ್ಕೆ ಹಾರಿದ.

ಪಕ್ಕದ ಮನೆಯ ಪಾರ್ವತಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. "ತವರಿಗೆ ಹೋದ್ಲಾ? ಯಾವಾಗಪ್ಪಾ?"

"ಬೆಳಗ್ಗೆ ಇತ್ತು ಕಣ್ರೀ!"

"ಕಟ್ಟಿಕೊಂಡೋಳನ್ನ 'ಇತ್ತು' ಅಂತೀಯಾ! ಅದಕ್ಕೇ ಹೋಗಿದಾಳೆ."

"ಆರು ತಿಂಗಳಾಗಿತ್ತು ಪಾರ್ವತಮ್ಮನೋರೇ, ಆರು ತಿಂಗಳು! ಒಂದಿಷ್ಟೂ ಅಲುಗದ ಹಾಗೆ ಜೋಪಾನ ಮಾಡಿದ್ದೆ!"

ಪಾರ್ವತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. "ಆರು ತಿಂಗಳಾ? ನಮಗೊಂದು ಮಾತೂ ಹೇಳ್ಲಿಲ್ವಲ್ಲ!"

ಸುದ್ದಿ ಮೆಣಸಿನಕಾಯಿ ಒಗ್ಗರಣೆಯ ಘಾಟಿನಂತೆ ಎಂಟೂ ಮನೆಗೆ ನುಗ್ಗಿತು. ವಠಾರದ ಯಜಮಾನ ಗುರುಸಿದ್ದಯ್ಯನವರು ಛತ್ರಿ ಹಿಡಿದೇ ಬಂದರು. "ಬಸುರಿ ಹೆಂಗಸನ್ನ ಈ ಬಿಸಿಲಲ್ಲಿ ಹೊರಡಿಸಿದ್ದೀಯಲ್ಲೋ, ಓದಿದೋನು ನೀನು!"

"ಯಾರು ಬಸುರಿ? ನಾನು ಹೇಳ್ತಿರೋದು ಒಂದು ಕಡ್ಡಿ ವಿಷಯ..."

"ಕಡ್ಡೀನ ಗುಡ್ಡ ಮಾಡಬೇಡ! ನಡಿ, ಕರ್ಕೊಂಡು ಬರೋಣ."

"ಎಲ್ಲಿಂದ ಕರ್ಕೊಂಡು ಬರ್ತೀರಿ?" ಎಂದರು ನೀರು ಹೊತ್ತು ಬರುತ್ತಿದ್ದ ಎದುರುಮನೆ ಮಹದೇವಮ್ಮ. "ಪಾತ್ರೆ ಹೊತ್ಕೊಂಡು ಕಲಾಯಿ ಚಿಕ್ಕಯ್ಯನ ಹತ್ರ ಹೋದ್ಲು ಕಣ್ರೀ, ಈಗ ತಾನೆ."

ಪಾತ್ರೆಗೆ ಕಲಾಯಿ ಹಾಕುವುದು ತವರ ಕರಗಿಸಿ. ಸುಂದರೇಶ ಚಪ್ಪಲಿ ಬಿಟ್ಟು ಓಡಿದ. ಹಿಂದೆ ಗುರುಸಿದ್ದಯ್ಯನವರ ಛತ್ರಿ, ಪಾರ್ವತಮ್ಮನ ಅರಿಸಿನ ಕುಂಕುಮದ ತಟ್ಟೆ, ಅದರ ಹಿಂದೆ ಅರ್ಧ ಬೀದಿ.

ಬೀದಿಯ ಕೊನೆಯ ಮರದಡಿ ಚೂಡಾಮಣಿ ನಾಲ್ಕು ಪಾತ್ರೆಗಳ ನಡುವೆ ಕೂತಿದ್ದಳು. "ಚಿಕ್ಕಯ್ಯನ ಹತ್ರ ತವರ ಮುಗಿದಿತ್ತು. ನಿಮ್ಮ ಡಬ್ಬಿ ಮೇಲೆ ಬರೆದಿತ್ತಲ್ಲ, ತಗೊಂಡ್ಬಂದೆ. ಇವರೆಲ್ಲ ಯಾಕೆ ಬಂದ್ರು?"

"ಏಳು ತಾಯಿ, ಇಂಥ ಹೊತ್ತಲ್ಲಿ ಕುಕ್ಕುರುಗಾಲಲ್ಲಿ ಕೂರಬಾರದು!" ಎಂದು ಪಾರ್ವತಮ್ಮ ಅವಳ ಕೆನ್ನೆಗೆ ಅರಿಸಿನ ಹಚ್ಚಿಯೇಬಿಟ್ಟರು.

ಸುಂದರೇಶನಿಗೆ ಇದೊಂದೂ ಕಾಣಲಿಲ್ಲ. ಚಿಕ್ಕಯ್ಯನ ಗೋಣಿಯ ಮೇಲೆ ಕಡ್ಡಿ ಹೊಳೆಯುತ್ತ ಮಲಗಿತ್ತು, ನೆಟ್ಟಗೆ, ಹೇಗಿತ್ತೋ ಹಾಗೆ. ಕುಲುಮೆಗೆ ಇನ್ನೂ ಬೆಂಕಿಯೇ ಬಿದ್ದಿರಲಿಲ್ಲ. ಅವನ ಕಣ್ಣು ತುಂಬಿತು.

"ಕೊಟ್ಬಿಡಪ್ಪಾ ಚಿಕ್ಕಯ್ಯ. ಇಷ್ಟು ಚೊಕ್ಕ ತವರ ದೇಶದಲ್ಲೇ ಇಲ್ಲ."

ಮೂವತ್ತು ವರ್ಷ ಕಲಾಯಿ ಹಾಕಿದ ಚಿಕ್ಕಯ್ಯ ಕಡ್ಡಿಯನ್ನು ಕೈಗೆತ್ತಿಕೊಂಡ. "ಅಂಗಂತ ಎಲ್ಲಾರೂ ಹೇಳ್ತಾರೆ ಬುದ್ಧಿ. ಸೀಸ ಬೆರೆಸಿದ್ರೆ ಗಪ್ಪಗಿರ್ತದೆ, ಚೊಕ್ಕ ತವರ ಆದ್ರೆ ಅಳ್ತದೆ. ಕೇಳಿ ಬೇಕಾದ್ರೆ." ಕಿವಿಯ ಹತ್ತಿರ ಹಿಡಿದು, ಎರಡೂ ಕೈಯಲ್ಲಿ ಮೆಲ್ಲಗೆ ಬಗ್ಗಿಸಿದ.

ಬೀದಿಗೆ ಬೀದಿಯೇ ಕಿವಿಗೊಟ್ಟಿತು. ತವರ ಕಿರ್ರೆಂದು ಅತ್ತಿತು. ಅಖಂಡವಾಗಿದ್ದ ಹರಳು ಒಳಗೊಳಗೇ ನೂರು ಹೋಳಾಗುವ ಸದ್ದು ಅದೆಂದು ಅಲ್ಲಿ ಗೊತ್ತಿದ್ದದ್ದು ಒಬ್ಬನಿಗೇ.

"ಚೊಕ್ಕದ್ದೇ ಬುದ್ಧಿ!" ಚಿಕ್ಕಯ್ಯ ಕೈ ಮುಗಿದ. "ಇಷ್ಟು ಜೋರಾಗಿ ಅತ್ತಿದ್ದು ನಾನು ಕೇಳೇ ಇಲ್ಲ!"

ಸುಂದರೇಶ ಕುಡುಗೋಲಿನಂತೆ ಬಾಗಿದ ಕಡ್ಡಿಯನ್ನು ಇಸಿದುಕೊಂಡು, ಮತ್ತೆ ಗೋಣಿಯ ಮೇಲಿಟ್ಟ. ಆಮೇಲೆ ಗದ್ದ ಎತ್ತಿದ. "ಹಾಕು ಕಲಾಯಿ. ಪ್ರೊಫೆಸರು ಏನು ಬೇಕಾದ್ರೂ ಅಂದ್ಕೊಳ್ಳಲಿ, ಇನ್ನಾರು ತಿಂಗಳಿಗೆ ಇನ್ನೊಂದು ರೆಡಿ ಮಾಡ್ತೀನಿ."

"ಮೊದಲು ಇದೊಂದು ಹೆರಿಗೆ ಸುಸೂತ್ರವಾಗಿ ಆಗ್ಲಪ್ಪಾ!" ಎಂದರು ಪಾರ್ವತಮ್ಮ.

ಸುಂದರೇಶ ಚಿಕ್ಕಯ್ಯನನ್ನು ಪಕ್ಕಕ್ಕೆ ಸರಿಸಿ ಕೂತು, ಕುಲುಮೆಗೆ ಬೆಂಕಿ ಹಚ್ಚಿ ತಾನೇ ತಿದಿ ಒತ್ತತೊಡಗಿದ.