ಬೋಂಡ ನುಂಗಿದ ಬಾಳೆಹಣ್ಣು

ಐವತ್ತು ದಾಟಿದ ಗಂಡಸಿಗೆ ಮಾತ್ರೆ ನುಂಗಲು ಬರುವುದಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನನಗೆ ಬರುವುದಿಲ್ಲ. ನೀರು ಒಳಗೆ ಹೋಗುತ್ತದೆ, ಮಾತ್ರೆ ನಾಲಿಗೆಯ ಮೇಲೇ ಉಳಿಯುತ್ತದೆ. ಆದ್ದರಿಂದ ನನ್ನ ಬಿ.ಪಿ. ಮಾತ್ರೆಯನ್ನು ಹೆಂಡತಿ ಸುಮಿತ್ರಾ ದಿನಾ ಬೆಳಿಗ್ಗೆ ಏಲಕ್ಕಿ ಬಾಳೆಹಣ್ಣಿನ ತುಂಡಿನೊಳಗೆ ಹುದುಗಿಸಿ ಕೊಡುತ್ತಾಳೆ. ನಾನು ಕಣ್ಣು ಮುಚ್ಚಿ, ಅಗಿಯದೆ ಗುಳುಂ ಮಾಡುತ್ತೇನೆ. ಈ ಉಪಾಯವನ್ನು ಅವಳು ಮೊದಲು ಪ್ರಯೋಗಿಸಿದ್ದು ನಮ್ಮ ನಾಯಿಯ ಮೇಲೆ ಎಂಬುದು ಯಲಹಂಕದ ನಮ್ಮ ಬೀದಿಗೆಲ್ಲ ಗೊತ್ತು. ನಾಯಿಯ ಹೆಸರು ಬೋಂಡ. ಆರ್.ಟಿ. ನಗರದ ಬೋಂಡದ ಗಾಡಿಯ ಕೆಳಗೆ ಸಿಕ್ಕ ಮರಿಗೆ ಬೇರೆ ಹೆಸರು ಹೊಳೆಯಲಿಲ್ಲ.

ಹೋದ ಭಾನುವಾರ ಬೋಂಡನಿಗೆ ಜಂತುಹುಳದ ಮಾತ್ರೆ ಕೊಡುವ ದಿನ. ಸುಮಿತ್ರಾ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬಟ್ಟಲುಗಳಲ್ಲಿ ಬಾಳೆಹಣ್ಣಿನ ತುಂಡುಗಳನ್ನಿಟ್ಟು ಸ್ನಾನಕ್ಕೆ ಹೋದಳು. ನನಗೆ ಅಪರೂಪಕ್ಕೆ ಮನೆಕೆಲಸದ ಹುಮ್ಮಸ್ಸು ಬಂತು. ಒಂದನ್ನು ಬೋಂಡನ ಬಾಯಿಗೆ ಹಾಕಿದೆ, ಇನ್ನೊಂದನ್ನು ನಾನು ನುಂಗಿದೆ, ಬಟ್ಟಲುಗಳನ್ನು ತೊಳೆದೂ ಇಟ್ಟೆ. ತಲೆ ಒರೆಸಿಕೊಳ್ಳುತ್ತ ಬಂದ ಸುಮಿತ್ರಾ ಕೇಳಿದಳು: “ಬೋಂಡಂಗೆ ಯಾವ ಬಟ್ಲಿಂದು ಕೊಟ್ರಿ?”

“ಒಲೆ ಪಕ್ಕದ್ದು ಅನ್ಸುತ್ತೆ.”

“ಅಯ್ಯೋ, ಅದು ನಿಮ್ಮ ಬಿ.ಪಿ.ದು ಕಣ್ರೀ!”

ಬೋಂಡ ಇನ್ನೊಂದು ತುಂಡಿನ ಆಸೆಗೆ ಬಾಲ ಆಡಿಸುತ್ತಿದ್ದ. ವಾಂತಿ ಮಾಡಿಸೋಣವೆಂದು ನಾನು ಲೋಟದಲ್ಲಿ ಉಪ್ಪುನೀರು ಕದಡತೊಡಗಿದೆ. ಅಷ್ಟರಲ್ಲಿ ಸುಮಿತ್ರಾ ನಾಯಿ ಡಾಕ್ಟರಮ್ಮನಿಗೆ ಫೋನ್ ಹಚ್ಚಿದ್ದಳು. ಸ್ಪೀಕರಿನಿಂದಲೇ ಗದರಿಕೆ ಬಂತು: “ಉಪ್ಪುನೀರು, ಹಾಲು ಏನೂ ಕುಡಿಸ್ಬೇಡಿ! ಬಿ.ಪಿ. ಮಾತ್ರೆಯಿಂದ ನಾಯಿ ಹಾರ್ಟ್‌ಗೆ ತೊಂದ್ರೆ ಆಗ್ಬಹುದು. ಮಾತ್ರೆ ಸ್ಟ್ರಿಪ್ ತಗೊಂಡು ಈಗ್ಲೇ ಬನ್ನಿ.”

ಎದುರುಮನೆಯ ಅನ್ವರ್ ಭಾಯ್ ಕಾರು ತೆಗೆದರು. “ಫಿಕರ್ ಮಾಡ್ಬೇಡಿ ಸಾರ್, ಕೂತ್ಕೊಳ್ಳಿ” ಎಂದರೂ ಅವರ ಮುಖವೂ ಬಿಳಿಚಿತ್ತು. ಹೆಬ್ಬಾಳದ ಮೇಲ್ಸೇತುವೆಗೆ ಭಾನುವಾರವೂ ರಜೆಯಿಲ್ಲ. ಗಾಡಿಗಳು ನಿಂತಲ್ಲೇ ನಿಂತಿದ್ದವು. ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಬೋಂಡನ ಎದೆಯ ಮೇಲೆ ಕೈಯಿಟ್ಟೆ. ಬಡಿತ ನಿಂತೇಹೋಯಿತೆನಿಸಿ ಜೀವ ಬಾಯಿಗೆ ಬಂತು. ನೋಡಿದರೆ ಕೈಯಿಟ್ಟದ್ದು ಅವನ ಹೊಟ್ಟೆಯ ಮೇಲೆ. ಇವನಿಗೆ ಏನಾದರೂ ಆದರೆ ಇವನಿಲ್ಲದ ಮನೆಯ ಬಾಗಿಲು ಹೇಗೆ ತೆಗೆಯಲಿ ಎಂದು ಅಳು ಬಂತು. ಸುಮಿತ್ರಾ ಬೋಂಡನ ಕಿವಿ ಸವರುತ್ತ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಬೋಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೂಕ ನೋಡಿ ವಾಂತಿ ಬರಿಸುವ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಬಾಳೆಹಣ್ಣು ಹೊರಬಂತು. ಅದರೊಂದಿಗೆ ಅರ್ಧ ಕರಗಿದ ಗುಲಾಬಿ ಮಾತ್ರೆ. ಡಾಕ್ಟರಮ್ಮ ಅದನ್ನು ನಾವು ತಂದ ಸ್ಟ್ರಿಪ್ಪಿನ ಜೊತೆ ಹೋಲಿಸಿ, “ನಿಮ್ಮದೇ. ಬೇಗ ಬಂದಿದ್ದು ಒಳ್ಳೇದಾಯ್ತು. ಸಂಜೆ ತನಕ ಇಲ್ಲೇ ಇರ್ಲಿ, ನೋಡ್ಕೋತೀವಿ” ಎಂದರು. ನಾನು ಎಲ್ಲರೆದುರೇ ಕಣ್ಣೊರೆಸಿಕೊಂಡೆ.

“ಜಂತುಹುಳದ್ದು ಮುಂದಿನ ವಾರ ಕೊಡಿ. ಆ ಮಾತ್ರೆ ಮನೇಲಿದೆ ತಾನೆ?”

“ಇದೆ ಮೇಡಂ, ಇನ್ನೊಂದು ಬಟ್ಲಲ್ಲಿ...” ಎಂದ ಸುಮಿತ್ರಾಳ ಮಾತು ಅಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು. ಅನ್ವರ್ ಭಾಯ್ ನೋಡಿದರು. ಬೆಳಿಗ್ಗೆ ಮಾತ್ರೆ ಯಾಕೋ ಗಂಟಲಲ್ಲಿ ದಪ್ಪ ಅನ್ನಿಸಿದ್ದು ನನಗೆ ಆಗ ನೆನಪಾಯಿತು.

ಸುಮಿತ್ರಾ ನಮ್ಮ ಮನೆ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಮೊದಲು ಮನಸಾರೆ ನಕ್ಕು, ಹೆದರುವಂಥದ್ದೇನಿಲ್ಲ ಎಂದು, ಆಮೇಲೆ ನನ್ನ ತೂಕ ಕೇಳಿದರು. ಯಾರಿಗೆ ಗೊತ್ತು? ಬೋಂಡ ಇಳಿದಿದ್ದ ಯಂತ್ರವನ್ನು ಸುಮಿತ್ರಾ ಬೆರಳಲ್ಲೇ ತೋರಿಸಿದಳು. ನಾನು ಚಪ್ಪಲಿ ಬಿಟ್ಟು ಹತ್ತಿ ನಿಂತೆ.