ಪಿ.ಟಿ. ಅಕ್ಕೋರು ನೋಡಿ ಹೇಳ್ಲಿ

ನಮ್ಮ ಸಾಲ್ಯಾಗ ಯಾರದೂ ಅಲ್ಲದ ಕೆಲಸ ಒಂದು ಇತ್ತಂದ್ರ ಅದು ಪಿ.ಟಿ. ಅಕ್ಕೋರ್ದು, ಅಂದ್ರ ನಂದು. ಗಂಟಿ ಬಾರಿಸಾಂವ ಬರಲಿಲ್ಲಂದ್ರ ಗಂಟಿ ನಾನ ಬಾರಿಸಬೇಕು. ನಾಯಿ ಒಳಗ ಹೊಕ್ಕರ ನಾಯಿ ನಾನ ಓಡಿಸಬೇಕು. ಸಾಹೇಬರು ಬರ್ತಾರಂದ್ರ ಹಾರ ಹಿಡಕೊಂಡು ಬಿಸಲಾಗ ನಾನ ನಿಂದರಬೇಕು. ಇಷ್ಟು ವರ್ಷ ಮಾಡಿ ಮಾಡಿ ಮೊಣಕಾಲು ಸವದಾವ, ಸೀಟಿ ಊದಿ ಊದಿ ದನಿ ಹೋಗೇತಿ. ಇನ್ನ ನನ್ನ ಪಾಲಿಗೆ ಬರೋದು ಏನೂ ಉಳದಿಲ್ಲ ಅಂತ ತಿಳದಿದ್ದೆ. ಆದ್ರ ನಮ್ಮ ಕೇಶ್ವಾಪುರದ ಮಂದಿ ಸುಮ್ಮ ಕೂಡೋ ಪೈಕಿ ಅಲ್ಲ.

೧. ಕೊರಳಿಗೆ ಬಿದ್ದದ್ದು

ಒಂದಿನ ಮುಂಜಾನೆ ಹೆಡ್ ಅಕ್ಕೋರು ಹೇಳಿ ಕಳಿಸಿದ್ರು. ಹೋಗಿ ನೋಡಿದ್ರ ಅವರ ಮುಂದ ನಮ್ಮ ಖೋ-ಖೋ ಟೀಮಿನ ಹುಡುಗಿಯೊಬ್ಬಾಕಿಯ ಅಪ್ಪ ಕೂತಿದ್ರು. ಸ್ಟೇಶನ್ ರಸ್ತಾದಾಗ ಬಣ್ಣದ ಅಂಗಡಿ ಅವರ್ದು. ಮಗಳು ಒಂಬತ್ತನೇ ಕ್ಲಾಸು. ನನ್ನ ನೌಕರಿಯಾಗ ಅಂಥಾ ಆಟಗಾರ್ತಿ ನಾ ಕಂಡಿಲ್ಲ. ಆಕಿ ಕಂಬಕ್ಕ ಡೈವ್ ಹೊಡದ್ಲಂದ್ರ ಎದುರಿನಾಕಿ ಔಟ್ ಅಂತನ ತಿಳೀರಿ. ಜಿಲ್ಲಾ ಆಟ ಹತ್ರ ಬಂದಿದ್ವು, ಆಕಿ ಇಲ್ಲಂದ್ರ ನಮ್ಮ ಟೀಮು ಬಸ್ ಹತ್ತೋದೂ ಒಂದ, ಬಿಡೋದೂ ಒಂದ.

'ಮಗಳು ಎದುರು ಮಾತಾಡಾಕತ್ತಾಳ್ರಿ' ಅಂದ್ರು ಅವರು. 'ಆ ಕಬಡ್ಡಿ ಆಟಗಾರನ ಶೋ ನೋಡೇ ಕಲ್ತಾಳ. ಆಟದ ಮಂದಿ ಹಿಂಗ ಆಗೋದಿದ್ರ ನನ್ನ ಮಗಳಿಗೆ ಆಟ ಬ್ಯಾಡ. ಹಂಗಂತ ನಾ ಆಟದ ವೈರಿ ಅಲ್ರಿ. ಸಾಲ್ಯಾಗ ನಾನೂ ಖೋ-ಖೋ ಆಡಿದಾಂವನ.'

ಆ ಶೋ ನಿಮಗ ಗೊತ್ತಿಲ್ಲಂದ್ರ ನೀವು ಪುಣ್ಯವಂತರು. ಹೆಸರಾದ ಆಟಗಾರ, ಆಟ ಬಿಟ್ಟ ಮ್ಯಾಲೆ ಮನೀ ತುಂಬ ಕ್ಯಾಮೆರಾ ಇಡಿಸ್ಕೊಂಡು, ಹೆಂಡ್ತಿ ಕೂಡ ಜಗಳಾಡೋದು, ಶಿಷ್ಯರಿಗೆ ಬೈಯೋದು, ಅವ್ವನ ಮುಂದ ಅಳೋದು, ಎಲ್ಲಾ ಊರಿಗೇ ತೋರಸ್ತಾನ. ಭಾನುವಾರ ಒಂದು ಬಿಟ್ಟು ದಿನಾ ಸಂಜಿ ಏಳಕ್ಕ.

ಹೆಡ್ ಅಕ್ಕೋರು ಕನ್ನಡಕ ತಗದು ಇಟ್ರು. ಅವರು ಕನ್ನಡಕ ತಗದ್ರಂದ್ರ ನನಗೊಂದು ಹೊಸಾ ಕೆಲಸ ಬಂತಂತನ ಲೆಕ್ಕ. 'ಇದು ಹದಿವಯಸ್ಸಿನ ಹುಡುಗೂರು ನೋಡುವಂಥಾದ್ದೋ ಅಲ್ಲೋ ಅನ್ನೋದನ್ನ ಶನಿವಾರ ಪಾಲಕರ ಸಭಾದಾಗ ತೀರ್ಮಾನ ಮಾಡೂಣು. ಆಟಗಾರನ ಸಮಾಚಾರ ಐತಲ್ಲಾ, ಪಿ.ಟಿ. ಅಕ್ಕೋರು ನೋಡಿ ಹೇಳ್ಲಿ.'

'ಸಭಾದಾಗ ಶೋ ಛಲೋ ಐತಿ ಅಂತ ಆದ್ರ ಮಗಳು ಆಡ್ಲಿ' ಅಂದ್ರು ಬಣ್ಣದ ಅಂಗಡಿಯವರು. 'ಕೆಟ್ಟದ್ದು ಅಂದ್ರ ಶೋನೂ ಬಂದ್, ಆಟಾನೂ ಬಂದ್.'

ತಪ್ಪಿಸ್ಕೊಳ್ಳಾಕ ಒಂದು ದಾರಿ ನೋಡಿದೆ. 'ನಮ್ಮ ಮನ್ಯಾಗ ಟಿವಿ ನಮ್ಮ ಅತ್ತಿಯವರ ತಾಬೇದಾಗ ಇರ್ತೈತ್ರಿ' ಅಂದೆ.

'ಭಾಳ ಛಲೋ ಆತು' ಅಂದ್ರು ಹೆಡ್ ಅಕ್ಕೋರು. 'ಅವರನ್ನೂ ಕೂಡಿಸ್ಕೊಳ್ರಿ. ಹಿರ್ಯಾರು.'

೨. ಸಾಲಿ ಕೆಲಸ

ಸಂಜಿ ಏಳಕ್ಕ ಟಿವಿ ಹಚ್ಚಿದೆ. ಅತ್ತಿಯವರು ಜಪಮಾಲಿ ಹಿಡಕೊಂಡು ಹೊರಗ ಬಂದ್ರು. 'ಏನವ್ವಾ ಈ ಹೊಲಸು?' 'ಸಾಲಿ ಕೆಲಸರಿ' ಅಂದೆ. 'ಇಂಥಾದ್ದು ಹುಡುಗೂರು ನೋಡಬಾರದು' ಅಂತ ಹೇಳಿ, ಹುಡುಗೂರು ಯಾರೂ ಇಲ್ಲದ ಮನ್ಯಾಗ ಬಾಗಲಾ ಮುಚ್ಚಿ, ಖುರ್ಚಿ ಎಳಕೊಂಡು ಕೂತುಬಿಟ್ರು.

ಮರುದಿನ ನಾ ಬರೋದ್ರಾಗ ಅವರು ಮೊದಲ ಕೂತಿದ್ರು. ಅದರ ಮರುದಿನ ನಾನು ದಣದು ಬಂದು ಅಲ್ಲೇ ತೂಕಡಿಸಾಕತ್ತಿದ್ರ ಮೊಣಕೈಲೆ ತಿವದು 'ಏಳ, ಸಾಲಿ ಕೆಲಸ' ಅಂತ ಎಬ್ಬಿಸಿದ್ರು. ಜಪಮಾಲಿ ಮಾತ್ರ ಎಲ್ಲಿ ಹೋತೋ ಗೊತ್ತಿಲ್ಲ.

ಆವತ್ತ ಶೋದಾಗ ಆಟಗಾರನ ಹೆಂಡ್ತಿ ತನ್ನ ಅತ್ತಿಗೆ ಆರಿದ ರೊಟ್ಟಿ ಬಡಿಸಿದ್ಲು. ಆ ಅತ್ತಿ ಕಣ್ಣಾಗ ನೀರು. ನಮ್ಮ ಅತ್ತಿಯವರ ಕಣ್ಣಾಗೂ ನೀರು. ಊಟಕ್ಕ ಕರದ್ರ ಏಳವಲ್ಲರು.

'ನಾ ಏನರ ತಪ್ಪು ಮಾಡೀನೇನ್ರಿ?' ಅಂತ ಕೇಳಿದೆ.

'ನೀ ಏನೂ ಮಾಡಿಲ್ಲವ್ವಾ. ಆದ್ರ ನೀನೂ ಸೊಸೀನ ಅಲ್ಲೇನು?'

ಆವತ್ತಿನಿಂದ ನಮ್ಮ ಮನ್ಯಾಗ ರೊಟ್ಟಿ ಹಂಚಿನ ಮ್ಯಾಲಿಂದ ಸೀದಾ ಅವರ ತಾಟಿಗೆ ಹೋಗಾಕತ್ತಾವ. ನಡುವ ಎಲ್ಲೂ ಇಳಿಸೋ ಹಂಗಿಲ್ಲ.

೩. ಬಾಜೂ ಮನಿ ಟಿವಿ

ಸ್ಟಾಫ್ ರೂಮಿನಾಗ ಸಂಗತಿ ಹೇಳಿಕೊಂಡೆ. ಗಣಿತದ ಸರ್ ಮೂಗು ಮುರದ್ರು. 'ಅಂಥಾ ಶೋ ನಮ್ಮ ಮನ್ಯಾಗ ಹಚ್ಚಾಕ ಕೊಡಂಗಿಲ್ರಿ. ಮಕ್ಕಳಿದ್ದ ಮನಿ. ಸಂಸ್ಕಾರ ಅಂತ ಒಂದು ಇರ್ತೈತಿ.'

'ಖರೇ ಐತ್ರಿ ಸರ್' ಅಂದೆ. 'ನಿನ್ನಿ ನೋಡ್ರಿ, ಆ ಆಟಗಾರನ ಹೆಂಡ್ತಿಯ ತಮ್ಮ ಸಿಟ್ಟಾಗಿ ಮನಿ ಬಿಟ್ಟು ಹೋದ.'

'ನಿನ್ನಿ ಅಲ್ರಿ, ಮೊನ್ನಿ ಹೋದ. ನಿನ್ನಿ ತಿರುಗಿ ಬಂದ' ಅಂದ್ರು ಸರ್.

ರೂಮಿನಾಗ ಎಲ್ಲಾರೂ ಸರ್ ಕಡೆ ಹೊಳ್ಳಿ ನೋಡಿದ್ರು. ಸರ್ ಬೋರ್ಡಿಗೆ ಬರಿಯೋ ಖಡು ತಗೊಂಡು ಏಳಾಕ ಹತ್ತಿದ್ರು. 'ಬಾಜೂ ಮನಿಯವರು ಜೋರ ಹಚ್ತಾರ್ರಿ. ಗ್ವಾಡಿ ತೆಳ್ಳಗ ಐತಿ, ಕೇಳಸ್ತೈತಿ.'

ವಿಜ್ಞಾನದ ಅಕ್ಕೋರು ತಲಿ ಎತ್ತಲಿಲ್ಲ, ಪೇಪರ್ ತಿದ್ದಕೋತನ ಕೇಳಿದ್ರು, 'ಮತ್ತ ಅವ ಹಸರ ಅಂಗಿ ಹಾಕ್ಕೊಂಡು ಬಂದ ಅಂತ ಮುಂಜಾನೆ ನೀವ ಹೇಳಿದ್ರಲ್ಲ ಸರ್, ಅಂಗಿ ಬಣ್ಣಾನೂ ಕೇಳಸ್ತೈತೇನು?'

ಹೇಳೋದು ಆಚಾರ, ತಿನ್ನೋದು ಬದನಿಕಾಯಿ ಅಂತ ನಮ್ಮ ಹಿರ್ಯಾರು ಸುಮ್ಮನ ಅಂದಿಲ್ಲ. ಆದ್ರ ಇದರಿಂದ ನನ್ನ ಸಂಕಟೇನೂ ಕಡಿಮಿ ಆಗಲಿಲ್ಲ. ಶೋ ಖರೇನ ಕೆಟ್ಟ ಇತ್ತು. ಕೆಟ್ಟ ಐತಿ ಅಂದ್ರ ಹುಡುಗಿ ಆಟ ಮುಗೀತು. ಛಲೋ ಐತಿ ಅಂದ್ರ ಸುಳ್ಳು ಹೇಳಿದಂಗಾತು. ಮಕ್ಕಳ ಮುಂದ ಸೀಟಿ ಊದೋ ಬಾಯಿಲೆ ಸುಳ್ಳು ಹೇಳಾಕ ನನಗ ಮನಸ್ಸಿರಲಿಲ್ಲ.

೪. ಪುಕ್ಕಟ ಶೋ

ಇಷ್ಟೆಲ್ಲಾ ಆದ ಮ್ಯಾಲೆ ನೆನಪಾತು, ಹುಡುಗ್ಯಾರನ್ನ ಯಾರೂ ಕೇಳೇ ಇಲ್ಲ.

ಸಂಜಿ ಮೈದಾನದಾಗ ಖೋ-ಖೋ ನಡದಿತ್ತು. ಒಬ್ಬಾಕಿ ಹಿಂದಿನಿಂದ ಬೆನ್ನು ಮುಟ್ಟಿ ಖೋ ಅಂದ್ರೂ ಕೂತಾಕಿ ಯಾರೋ ಕರದ್ರು ಅನ್ನೋ ಹಂಗ ಹೊಳ್ಳಿ ನೋಡಿದ್ಲು. ನನ್ನ ಪಿತ್ತ ನೆತ್ತಿಗೇರಿತು. 'ಎಷ್ಟ ಸಲ ಹೇಳಬೇಕು? ಖೋ ಅಂದ್ರ ವಿಚಾರ ಮಾಡಬಾರದು, ಏಳಬೇಕು. ಖೋ ಕೊಟ್ಟಾಕಿ ಆ ಜಾಗಾದಾಗ ಕೂಡಬೇಕು. ಇಷ್ಟ ಐತಿ ಆಟ. ನಿದ್ದಿಗಣ್ಣಾಗ ಖೋ ಅಂದ್ರೂ ಏಳಬೇಕು ನೀವು.' ಹಂಗ ಬೈದು, ದಣದು, ಕಟ್ಟಿ ಮ್ಯಾಲೆ ಕೂತೆ. ಆಮ್ಯಾಲೆ ಎಲ್ಲಾರನ್ನೂ ಕರದು ಶೋ ಬಗ್ಗೆ ಕೇಳಿದೆ.

'ಅಯ್ಯ, ಅದನ್ನ ಯಾರ ನೋಡ್ತಾರ್ರಿ ಅಕ್ಕೋರ' ಅಂದ್ಲು ಒಬ್ಬಾಕಿ. 'ನಮ್ಮ ಅಜ್ಜಿ ನೋಡ್ತಾಳ' ಅಂದ್ಲು ಇನ್ನೊಬ್ಬಾಕಿ.

ಬಣ್ಣದ ಅಂಗಡಿಯವರ ಮಗಳು ತಲಿ ತಗ್ಗಿಸಿ ಕೂತು ಹುಲ್ಲು ಕೀಳಾಕತ್ತಿದ್ಲು. 'ನೀ ನೋಡ್ತೀಯಂತಲ್ಲ?' ಅಂದೆ.

'ನಾನು ಸಾಲಿ ಮುಗಿಸಿ, ಪ್ರಾಕ್ಟೀಸ್ ಮಾಡಿ ಮನಿ ಮುಟ್ಟೋದ ಏಳಕ್ರಿ. ಉಂಡು ಅಭ್ಯಾಸಕ್ಕ ಕೂಡಬೇಕಂದ್ರ ಟಿವಿ ಸಪ್ಪಳ. ದನಿ ಸಣ್ಣ ಮಾಡ್ರಿ ಅಂತ ಅಪ್ಪಾಜಿಗೆ ಹೇಳಿದೆ. ಅದಕ್ಕ ಎದುರು ಮಾತಾಡ್ತಿ ಅಂತ ಬೈದ್ರು.' ಹೇಳತ ಹೇಳತ ಆಕಿ ಕಣ್ಣು ತುಂಬಿದ್ವು. 'ಜಿಲ್ಲಾಕ್ಕ ನನ್ನ ಕರ್ಕೊಂಡು ಹೋಗ್ತೀರಿಲ್ರಿ ಅಕ್ಕೋರ?'

ನಾ ಆಕಿ ತಲಿ ಸವರಿದೆ. ಆಕಿ ಬಾಜೂಕ ಕೂತ ಕ್ಯಾಪ್ಟನ್ ಹುಡುಗಿ ಸಮಾಧಾನ ಮಾಡೋ ದನಿಲೆ ಅಂದ್ಲು, 'ನಮಗ್ಯಾಕ್ರಿ ಆ ಶೋ? ಒಬ್ಬರು ಒದರಾಡಿ ಬೈಯೋದನ್ನ ನೋಡಬೇಕಂದ್ರ ದಿನಾ ಸಂಜಿ ನಿಮ್ಮನ್ನ ನೋಡ್ತೇವಲ್ರಿ ಅಕ್ಕೋರ, ಪುಕ್ಕಟ.'

೫. ಪಾಲಕರ ಸಭಾ

ನಮ್ಮ ಕಡೆ ಸಭಾ ಅಂದ್ರ ಪ್ರಾರ್ಥನಾ, ಸ್ವಾಗತ, ಪ್ರಾಸ್ತಾವಿಕ, ಆಮ್ಯಾಲೆ ವಿಷಯ, ಆಮ್ಯಾಲೆ ಆಭಾರ, ಕಡೀಕ ಚಹಾ-ಚೂಡಾ. ಇದರಾಗ ಒಂದೂ ಬಿಡೋ ಹಂಗಿಲ್ಲ. ಐದಕ್ಕ ಶುರು ಆದ ಸಭಾ ವಿಷಯಕ್ಕ ಬರೋದ್ರಾಗ ಆರೂವರಿ ಹೊಡೀತು.

ಬಣ್ಣದ ಅಂಗಡಿಯವರು ಎದ್ದು ನಿಂತು ಶೋವನ್ನ ಹಿಗ್ಗಾಮುಗ್ಗಾ ಝಾಡಿಸಿದ್ರು. ಸೊಸಿ ಆರಿದ ರೊಟ್ಟಿ ಬಡಿಸಿದ್ದು, ಹೆಂಡ್ತಿ ತಮ್ಮ ಓಡಿಹೋದದ್ದು, ಶಿಷ್ಯ ಗುರುವಿಗೆ ತಿರುಗಿ ಬಿದ್ದದ್ದು, ಒಂದೂ ಬಿಡಲಿಲ್ಲ. 'ಇಷ್ಟೆಲ್ಲಾ ನಿಮಗ ಹೆಂಗ ಗೊತ್ತಾತ್ರಿ?' ಅಂತ ಹಿಂದಿನಿಂದ ಯಾರೋ ಕೇಳಿದ್ರು. 'ಮಕ್ಕಳು ಏನ ನೋಡ್ತಾವ ಅನ್ನೋದನ್ನ ಹಿರ್ಯಾರು ನೋಡಬೇಕಾಗ್ತೈತ್ರಿ' ಅಂತ ಹೇಳಿ ಕೂತ್ರು. ಎಲ್ಲಾರೂ ತಲಿ ಅಲ್ಲಾಡಿಸಿದ್ರು. ಹೆಡ್ ಅಕ್ಕೋರು ನನ್ನ ಕಡೆ ನೋಡಿದ್ರು.

ನಾ ಎದ್ದೆ. ಖರೇ ಹೇಳ್ತೇನಿ, ಯಾವ ಯುಕ್ತಿ ಮಾಡೋ ವಿಚಾರಾನೂ ನನಗ ಇರಲಿಲ್ಲ. ನಿಂದ್ರಾಕನ ತ್ರಾಣ ಇರಲಿಲ್ಲ. 'ಮೊದಲನೇ ದಿನದಿಂದ ಹೇಳ್ತೇನ್ರಿ' ಅಂತ ಶುರು ಮಾಡಿದೆ. ಒಂದೇ ದಿನದ ಕತಿ ಹೇಳೋದ್ರಾಗ ಮಂದಿ ಕೂತಲ್ಲೇ ಮಿಸುಕಾಡಾಕತ್ತಿದ್ರು. ಒಬ್ಬರು ಗ್ವಾಡಿ ಗಡಿಯಾರ ನೋಡಿದ್ರು. ಗಣಿತದ ಸರ್ ಕೈಗಡಿಯಾರ ನೋಡಿದ್ರು. ಬಣ್ಣದ ಅಂಗಡಿಯವರು ಎರಡೂ ನೋಡಿದ್ರು. ಏಳಕ್ಕ ಹತ್ತು ನಿಮಿಷ ಇತ್ತು.

ಮೈದಾನದಾಗ ಓಡೋ ಹುಡುಗಿ ಕಣ್ಣು ಎತ್ಲಾಗ ಹೋಗ್ತೈತೋ ಕಾಲೂ ಅತ್ಲಾಗ ಹೋಗ್ತಾವ. ಇದನ್ನ ನಾನ ಹುಡುಗ್ಯಾರಿಗೆ ಕಲಿಸೋದು. ನನಗ ತಡಾ ಆಗಿ ಹೊಳೀತು, ಆದ್ರ ಹೊಳೀತು. ನಾನು ಸಾವಕಾಶ ನೀರು ಕುಡದು 'ಇನ್ನ ಎರಡನೇ ದಿನ' ಅಂದೆ.

'ಅಕ್ಕೋರ, ಲಗೂ ಮುಗಸ್ರಿ' ಅಂದ್ರು ಬಣ್ಣದ ಅಂಗಡಿಯವರು.

'ನಿಮ್ಮ ಮಗಳ ಆಟದ ಪ್ರಶ್ನೆ ಐತ್ರಿ. ಹಂಗ ಹೆಂಗ ಮುಗಸ್ಲಿ? ಪೂರಾ ಹೇಳಬೇಕು. ಆಮ್ಯಾಲೆ ಚರ್ಚಾ ಆಗಬೇಕು, ಆಭಾರ ಆಗಬೇಕು.'

'ಆಡ್ಲಿ ಬಿಡ್ರಿ' ಅಂದ್ರು. 'ಆಕಿ ಆಡ್ಲಿ. ಜಿಲ್ಲಾಕ್ಕ ಕರ್ಕೊಂಡು ಹೋಗ್ರಿ, ರಾಜ್ಯಕ್ಕ ಕರ್ಕೊಂಡು ಹೋಗ್ರಿ.'

ಹೆಡ್ ಅಕ್ಕೋರು ಕನ್ನಡಕ ಏರಿಸ್ಕೊಂಡು 'ಸಭಾ ಮುಗೀತು' ಅಂದ್ರು. ನಮ್ಮ ಸಾಲಿ ಇತಿಹಾಸದಾಗ ಮೊದಲನೇ ಸಲ ಆಭಾರ ಇಲ್ಲದ ಸಭಾ ಮುಗೀತು, ಚೂಡಾದ ಬುಟ್ಟಿ ತುಂಬಿದ್ದು ತುಂಬಿದಂಗ ಉಳೀತು.

೬. ಖೋ

ಹೊರಗ ಬಂದು ನೋಡಿದ್ರ ಗೇಟಿನ ಹತ್ರ ಆ ಹುಡುಗಿ ಒಬ್ಬಾಕೇ ಬ್ಯಾಗ್ ಹಿಡಕೊಂಡು ನಿಂತಿದ್ಲು. 'ಅಪ್ಪಾಜಿ ಗಾಡಿ ಚಾಲೂ ಮಾಡಿ ಹೋಗೇಬಿಟ್ರು ಅಕ್ಕೋರ. ನಾ ಹತ್ತಿಲ್ಲ ಅನ್ನೋದು ಅವರಿಗೆ ತಿಳದಿಲ್ಲ.'

ಯಾರದೂ ಅಲ್ಲದ ಕೆಲಸ ಮತ್ತ ನಂದ ಆತು. ನನ್ನ ಸ್ಕೂಟಿ ಮ್ಯಾಲೆ ಕೂಡಿಸ್ಕೊಂಡು ಮನಿಗೆ ಬಿಟ್ಟೆ. ಬಾಗಲಾ ತಗದಾಕಿ ಅವರವ್ವ. ಮಗಳನ್ನ ನೋಡಿ ಹಣಿ ಬಡಕೊಂಡ್ರು. 'ಬರ್ರಿ ಅಕ್ಕೋರ. ಇವರು ಬಂದು ಹಂಗ ಕೂತಾರ. ಮಗಳೆಲ್ಲಿ ಅಂದ್ರ, ಆಡ್ಲಿ ಬಿಡ, ಅಂದ್ರು.'

ಒಳಗ ಬಣ್ಣದ ಅಂಗಡಿಯವರು ನಮಗ ಬೆನ್ನು ಮಾಡಿ, ಖುರ್ಚಿ ತುದಿಗೆ ಕೂತು ಟಿವಿ ನೋಡಾಕತ್ತಿದ್ರು. ರಿಮೋಟು ಮುಂದಿನ ಸ್ಟೂಲಿನ ಮ್ಯಾಲೆ. ಹುಡುಗಿ ಬ್ಯಾಗ್ ಇಳಿಸಿದ್ಲು, ಚಪ್ಪಲಿ ಬಿಟ್ಲು. ಬಗ್ಗಿ, ಸಪ್ಪಳ ಆಗದಂಗ ಹಿಂದಿನಿಂದ ಹೋಗಿ, ಅಪ್ಪನ ಬೆನ್ನಿಗೆ ಅಂಗೈ ಹಚ್ಚಿ ಗಟ್ಟಿಯಾಗಿ 'ಖೋ' ಅಂದ್ಲು.

ಅಷ್ಟು ವರ್ಷದ ಹಿಂದ ಕಲ್ತದ್ದು ಎಲ್ಲಿ ಹೋಗ್ತೈತ್ರಿ. ಮನಷ್ಯಾ ವಿಚಾರ ಮಾಡಲಿಲ್ಲ, ಎದ್ದು ಟಿವಿ ತನಕ ಓಡಿ ನಿಂತ್ರು. ಹುಡುಗಿ ನಿಯಮದ ಪ್ರಕಾರ ಆ ಖುರ್ಚ್ಯಾಗ ಕೂತ್ಲು, ರಿಮೋಟು ತಗೊಂಡು ಟಿವಿ ಆರಿಸಿದ್ಲು.

'ಏ, ಇದೊಂದ ಮುಗೀಲಿ ತಡೀಬೇ' ಅಂದ್ರು ಅಪ್ಪ, ಸಣ್ಣ ದನಿಲೆ.

'ಬ್ಯಾಡ್ರಿ ಅಪ್ಪಾಜಿ' ಅಂದ್ಲು ಮಗಳು. 'ಇದು ನಿಮ್ಮ ವಯಸ್ಸಿನವರು ನೋಡುವಂಥಾದ್ದಲ್ಲ.'