ಯೂ ಮರದ ಕೆಳಗಿನ ಕಟ್ಟೆ

ಮನುಷ್ಯನಿಗೆ ತನ್ನದಲ್ಲದ ವಸ್ತುವಿನ ಬಗ್ಗೆ ಹುಟ್ಟುವಷ್ಟು ಹೆಮ್ಮೆ ತನ್ನದರ ಬಗ್ಗೆ ಹುಟ್ಟುವುದಿಲ್ಲ. ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಮೈಸೂರಿನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಹಳೆಯ ಮಂಟಪವಿತ್ತು. ಇಪ್ಪತ್ತೈದು ವರ್ಷ ಅದರ ಪಕ್ಕದಲ್ಲೇ ಬೆಳೆದರೂ ಅದನ್ನು ಕಟ್ಟಿಸಿದ ಪುಣ್ಯಾತ್ಮ ಯಾರು ಎಂದು ಒಂದು ದಿನವೂ ಕೇಳಿದವನಲ್ಲ ನಾನು. ಅದರ ಕಂಬ ನಮಗೆ ವಿಕೆಟ್ಟು, ಎದುರು ಮನೆಯವರಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಲು ಆಸರೆ. ಅಂಥ ನಾನು ತೊಂಬತ್ತರ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದು, ಕಿಂಗ್ಸ್‌ಬರಿಯಲ್ಲಿ ಸಂಸಾರ ಹೂಡಿ, ಎರಡೇ ವರ್ಷದಲ್ಲಿ ಒಂದು ಇಂಗ್ಲಿಷ್ ಹಳ್ಳಿಯ ಇತಿಹಾಸಕಾರನಾಗಿಬಿಟ್ಟೆ. ಯಾರೂ ನೇಮಿಸಿದ್ದಲ್ಲ, ನಾನೇ ಆದದ್ದು.

ಆ ಹಳ್ಳಿ ಇರುವುದು ಲಂಡನ್ನಿನ ದಕ್ಷಿಣದ ಅಂಚಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಬರುತ್ತೀರಿ, ಆಮೇಲೆ ನನ್ನ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಾಗದಪತ್ರದಲ್ಲಿ ಅದೂ ಲಂಡನ್ನೇ, ಕಸ ಒಯ್ಯುವುದೂ ಲಂಡನ್ನಿನ ಕೌನ್ಸಿಲ್ಲೇ. ಆದರೆ ಕಾಲಿಟ್ಟರೆ ಬಾತುಕೋಳಿಯ ಕೊಳ, ಚಕಮಕಿ ಕಲ್ಲಿನ ಗೋಡೆಯ ಚರ್ಚು, ಮೊಳೆಯೇ ಇಲ್ಲದೆ ಬರೀ ಮರದ ಗೂಟಗಳಿಂದ ಜೋಡಿಸಿದ ಭಾರಿ ಕಣಜ, ಆಚೆಗೆ ಗೋಧಿಯ ಹೊಲ. ಆ ಹೊಲದ ನಡುವೆ ಒಂದು ಕಾಲುದಾರಿ ಇದೆ. ಹೊಲ ಯಾರದೇ ಇರಲಿ, ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಉಂಟು. ಈ ಕಾನೂನನ್ನು ಪಾರ್ಲಿಮೆಂಟಿನಲ್ಲಿ ನಾನೇ ಮಂಡಿಸಿ ಗೆಲ್ಲಿಸಿದವನಂತೆ ಎದೆಯುಬ್ಬಿಸಿ ವಿವರಿಸುತ್ತಿದ್ದೆ.

ವಿವರಿಸುವುದಕ್ಕೆ ಕಾರಣವಿತ್ತು. ನಾನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯ. ನನ್ನ ಮಾತಿಗೆ ಕಳೆ ಕಟ್ಟುವ ಹೊತ್ತಿಗೆ ರೋಗಿ ನಿದ್ದೆ ಹೋಗಿರುತ್ತಾನೆ, ಪೂರ್ತಿ ಎಚ್ಚರವಾಗುವ ಹೊತ್ತಿಗೆ ಬೇರೆ ವಾರ್ಡಿಗೆ ಹೋಗಿರುತ್ತಾನೆ. ವರ್ಷವಿಡೀ ಹೀಗೆ ಒಳಗೇ ಉಳಿದ ಮಾತೆಲ್ಲ ಬೇಸಿಗೆಯಲ್ಲಿ ಊರಿನಿಂದ ಬರುವ ನೆಂಟರ ತಲೆಯ ಮೇಲೆ ಸುರಿಯುತ್ತಿತ್ತು. ಅವರಿಗೋ ಅರಮನೆ, ಗೋಪುರ, ಮೇಣದ ಗೊಂಬೆಗಳನ್ನು ನೋಡುವ ಆಸೆ. ನಾನು ಅವರನ್ನು ಕಾರಿನಲ್ಲಿ ತುಂಬಿಕೊಂಡು ಹಳ್ಳಿಗೆ ಕರೆದೊಯ್ದು ಕಣಜದ ತೊಲೆ ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಇವರು ಸೂಜಿ ಚುಚ್ಚಿ ಮಲಗಿಸುತ್ತಾರೆ, ಇಲ್ಲಿ ಸೂಜಿಯೂ ಬೇಕಾಗಿಲ್ಲ ಎಂದು ನನ್ನ ಹೆಂಡತಿ ಸುಮಿತ್ರ ನೆಂಟರಿಗೆ ಮೊದಲೇ ಎಚ್ಚರಿಕೆ ಕೊಡುತ್ತಿದ್ದಳು.

ಪ್ರವಾಸದ ಕೊನೆಯ ಅಂಗ ಊಟ. ಚರ್ಚಿನ ದಕ್ಷಿಣಕ್ಕೆ ಗೋರಿಗಳಿದ್ದವು, ಅತ್ತ ನಾವು ಸುಳಿಯುತ್ತಿರಲಿಲ್ಲ. ಉತ್ತರಕ್ಕೆ ಬರೀ ಹುಲ್ಲು, ಚರ್ಚಿಗಿಂತಲೂ ಹಳೆಯದಾದ ಒಂದು ಯೂ ಮರ, ಅದರ ಕೆಳಗೆ ಪಾಚಿ ಹಿಡಿದ ಒಂದು ಚಪ್ಪಟೆ ಕಲ್ಲಿನ ಕಟ್ಟೆ. ಆರಡಿ ಉದ್ದ, ಕೂರುವುದಕ್ಕೆ ಹೇಳಿ ಮಾಡಿಸಿದ ಎತ್ತರ. ಮರವಿದ್ದಲ್ಲಿ ಕಟ್ಟೆಯಿರುತ್ತದೆ, ಕಟ್ಟೆಯಿದ್ದಲ್ಲಿ ನಾಲ್ಕು ಜನ ಕೂತು ಹರಟುತ್ತಾರೆ ಎಂಬುದು ನಮ್ಮ ಕಡೆಯವರ ರಕ್ತದಲ್ಲೇ ಇರುವ ತಿಳಿವಳಿಕೆ. ಹಳ್ಳಿಯ ಹಿರಿಯರು ಸಂಜೆ ಇಲ್ಲಿಯೇ ಕೂತು ನ್ಯಾಯ ತೀರಿಸುತ್ತಿದ್ದರು ಎಂದು ಮೊದಲ ವರ್ಷ ಊಹಿಸಿ ಹೇಳಿದೆ. ಎರಡನೆಯ ವರ್ಷ ಅದು ನನಗೇ ಇತಿಹಾಸವಾಗಿತ್ತು. ಏಳು ಬೇಸಿಗೆ ಆ ಕಟ್ಟೆಯ ಮೇಲೆ ಪುಳಿಯೋಗರೆ, ಮೊಸರನ್ನ ಬಿಚ್ಚಿದ್ದೇವೆ. ಮೈಸೂರು, ಧಾರವಾಡ, ಬೆಂಗಳೂರಿನ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ನಮ್ಮ ಬಂಧುಗಳು ಅದರ ಮೇಲೆ ಸಾಲಾಗಿ ಕೂತು ನಗುತ್ತಿದ್ದಾರೆ.

ಏಳನೆಯ ಬೇಸಿಗೆಯ ಕೊನೆಗೆ ನನ್ನ ಅದೃಷ್ಟ ಖುಲಾಯಿಸಿತು. ಚರ್ಚಿನ ಬೀಗದ ಕೈ ಇಟ್ಟುಕೊಂಡು ಹೂವಿನ ಅಲಂಕಾರ ನೋಡಿಕೊಳ್ಳುವ ಮಾರ್ಗರೆಟ್ ಎಂಬ ವೃದ್ಧೆಗೆ ನನ್ನ ಮುಖ ಪರಿಚಯವಿತ್ತು. ವರ್ಷಕ್ಕೊಮ್ಮೆ ಅಲ್ಲಿನ ಹಳೆಯ ಕಟ್ಟಡಗಳನ್ನೆಲ್ಲ ಜನರಿಗೆ ತೆರೆದಿಡುವ ಒಂದು ಶನಿವಾರವಿದೆ. ಆ ದಿನ ಊರು ತೋರಿಸುವ ನಿವೃತ್ತ ಮೇಷ್ಟರಿಗೆ ಮಂಡಿ ಹಿಡಿದುಕೊಂಡಿದೆಯಂತೆ, ನೀವು ನಿಲ್ಲುತ್ತೀರಾ ಎಂದು ಆಕೆ ಕೇಳಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೈಸೂರಿನ ಹುಡುಗ ಇಂಗ್ಲಿಷರಿಗೆ ಇಂಗ್ಲೆಂಡ್ ತೋರಿಸುವುದೆಂದರೇನು ಸಾಮಾನ್ಯವೇ? ಆಪರೇಷನ್ ಥಿಯೇಟರಿನಲ್ಲಿ ಹೇಳಿದೆ, ಕನ್ನಡಿಗರ ಗಣೇಶನ ಹಬ್ಬದ ಊಟದಲ್ಲಿ ಹೇಳಿದೆ, ವೆಂಬ್ಲಿಯ ಈಲಿಂಗ್ ರಸ್ತೆಯಲ್ಲಿ ಕರಿಬೇವು ತೂಗುತ್ತಿದ್ದ ಗುಜರಾತಿ ಅಂಗಡಿಯವನಿಗೂ ಹೇಳಿದೆ. ಅವನು ಅಭಿನಂದಿಸಿ ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿದ.

ಆ ಶನಿವಾರದ ಹಿಂದಿನ ಭಾನುವಾರ ಒಂದು ಪೂರ್ವಾಭ್ಯಾಸ ಇಟ್ಟುಕೊಂಡೆ. ಸಭಿಕರು ಮೂವರು: ಸುಮಿತ್ರ, ಹತ್ತು ವರ್ಷದ ಮಗಳು ಅನಘಾ, ಮತ್ತು ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದ ನಮ್ಮ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ. ಮಡಿ ಮೈಲಿಗೆಯಲ್ಲಿ ದೊಡ್ಡಮ್ಮ ಬಲು ಬಿಗಿ. ಆದರೆ ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಚುರುಕು. ಹೊಲದ ಬೇಲಿಗೆ ಹತ್ತಿ ಇಳಿಯಲು ಇಟ್ಟ ಮರದ ಮೆಟ್ಟಿಲನ್ನು ಒಂಬತ್ತು ಗಜದ ಸೀರೆಯಲ್ಲಿ, ಸುಮಿತ್ರಳ ಕ್ಯಾನ್ವಾಸ್ ಷೂ ಮೆಟ್ಟಿಕೊಂಡು ಸಲೀಸಾಗಿ ದಾಟಿದರು. ಕಣಜದೊಳಗೆ ನಾನು ಹತ್ತು ನಿಮಿಷ ತೊಲೆಗಳ ಬಗ್ಗೆ ಮಾತಾಡಿ ಉಸಿರು ತೆಗೆದುಕೊಳ್ಳುವಾಗ, ಇಷ್ಟು ಧಾನ್ಯಕ್ಕೆ ಇಲಿ ಕಾಟವನ್ನು ಹೇಗೆ ತಡೆಯುತ್ತಿದ್ದರು ಎಂದು ಕೇಳಿದರು. ಇತಿಹಾಸಕಾರನಿಗೆ ಅದೊಂದು ಗೊತ್ತಿರಲಿಲ್ಲ.

ಕಟ್ಟೆಯ ಮೇಲೆ ಊಟ ಸಾಗಿತ್ತು. ಅನಘಾ ಬೇಗ ಮುಗಿಸಿ ಕಟ್ಟೆಯ ಆ ತುದಿಯ ಪಾಚಿ ಕೆರೆದು, ಕಾಗದ ಹಾಸಿ ಮೇಣದ ಬಳಪದಿಂದ ಉಜ್ಜತೊಡಗಿದಳು. ಕಲ್ಲಿನ ಮೇಲಿನ ಕೆತ್ತನೆ ಹೀಗೆ ಕಾಗದಕ್ಕಿಳಿಯುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ನಾನು ಹಿರಿಯರ ನ್ಯಾಯಪಂಚಾಯ್ತಿಯ ಭಾಗಕ್ಕೆ ಬಂದಿದ್ದೆ. ಆಗ ಅವಳು ಇಂಗ್ಲಿಷಿನಲ್ಲಿ, ಡ್ಯಾಡ್, ಇಲ್ಲೊಂದು ಹೆಸರಿದೆ ಎಂದಳು. ಕಾಗದ ನೋಡಿದೆ. ಅಕ್ಷರಗಳು ಮಸುಕಾಗಿದ್ದರೂ ಹೆಸರು, ಕಸುಬು ಎರಡರಲ್ಲೂ ಸಂಶಯಕ್ಕೆ ಎಡೆಯಿರಲಿಲ್ಲ. ನಮ್ಮ ಅಡಿಯಲ್ಲಿ ಜೋಸೆಫ್ ಎಂಬ ಒಬ್ಬ ರೊಟ್ಟಿ ಸುಡುವವನು ಚಿರನಿದ್ರೆಯಲ್ಲಿದ್ದ.

ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಸುಮಿತ್ರ ಡಬ್ಬಿಯನ್ನು ಎತ್ತಿಕೊಂಡು ಎದ್ದಳು. ನನಗೆ ಏಳು ವರ್ಷದ ನೆಂಟರೆಲ್ಲ ಕಣ್ಣ ಮುಂದೆ ಬಂದರು. ಇನ್ನಾರು ದಿನದಲ್ಲಿ ಇಂಗ್ಲಿಷರ ಎದುರು ಪಂಡಿತನಾಗಿ ನಿಲ್ಲಬೇಕಾದವನು ಅವರ ಪೂರ್ವಜನ ಗೋರಿಯ ಮೇಲೆ ಮೊಸರನ್ನ ಕಲಸುತ್ತಿದ್ದೇನೆ. ಅದಕ್ಕಿಂತ ದೊಡ್ಡ ಹೆದರಿಕೆ ದೊಡ್ಡಮ್ಮನದು. ಮುಚ್ಚಿಡುವುದು ಸಾಧ್ಯವಿರಲಿಲ್ಲ, ಹೇಳಿದೆ. ಈಗಲೇ ಕೊಳದಲ್ಲಿ ಮುಳುಗಿ ಬಾ ಎನ್ನುತ್ತಾರೇನೋ ಎಂದು ಬಾತುಕೋಳಿಗಳತ್ತ ನೋಡಿದೆ. ದೊಡ್ಡಮ್ಮ ನಿಧಾನವಾಗಿ ಕೆಳಗಿಳಿದು, ಕಲ್ಲನ್ನು ಮುಟ್ಟಿ ನಮಸ್ಕರಿಸಿ, ನನ್ನ ಕಡೆ ತಿರುಗಿದರು.

“ಸ್ನಾನ ಮನೆಗೆ ಹೋಗಿ ಮಾಡಿದರಾಯ್ತು ಕಣೋ ರಘು. ಏಳು ವರ್ಷ ಇವನ ಮೇಲೆ ಕೂತು ಊಟ ಮಾಡಿದೀರಲ್ಲ, ಒಂದು ದಿನವಾದ್ರೂ ಇವನಿಗೊಂದು ತುತ್ತು ಇಟ್ರೇನೋ?”

ಚರ್ಚಿನ ಗೋಡೆಯ ಪ್ರತಿಯೊಂದು ಕಲ್ಲಿನ ಕಥೆ ಬಲ್ಲವನು ನಮಗೆ ಜಾಗ ಕೊಟ್ಟವನ ಹೆಸರನ್ನೇ ವಿಚಾರಿಸಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು. ದೊಡ್ಡಮ್ಮ ಹೊಸ ತಟ್ಟೆಯೊಂದನ್ನು ತೆಗೆದು, ಪುಳಿಯೋಗರೆ, ಮೊಸರನ್ನ, ಎರಡು ಸಂಡಿಗೆ ಬಡಿಸಿ ಕಲ್ಲಿನ ತಲೆಯ ಕಡೆ ಇಟ್ಟು ಕೈ ಮುಗಿದರು. ರೊಟ್ಟಿ ತಿಂದವನಿಗೆ ಖಾರ ಹೆಚ್ಚಾದೀತೆಂದು ಪುಳಿಯೋಗರೆಯಲ್ಲಿದ್ದ ಒಣಮೆಣಸಿನಕಾಯಿಯನ್ನು ಆರಿಸಿ ಬದಿಗಿಟ್ಟರು.

ಅದೇ ಸಮಯಕ್ಕೆ ಮಾರ್ಗರೆಟ್ ಹೂವಿನ ಬಕೆಟ್ಟು ಹಿಡಿದು ಚರ್ಚಿನಿಂದ ಹೊರಗೆ ಬರಬೇಕೆ! ನಾನು ಓಡಿಹೋಗಿ ತಪ್ಪೊಪ್ಪಿಕೊಳ್ಳತೊಡಗಿದೆ. ಗೊತ್ತಿಲ್ಲದೆ ಆಯಿತು, ಶನಿವಾರದ ಕೆಲಸಕ್ಕೆ ಬೇರೆಯವರನ್ನು ಗೊತ್ತು ಮಾಡಿಕೊಳ್ಳಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಆಕೆಯ ಕಣ್ಣು ಆ ತಟ್ಟೆಯ ಮೇಲೆ ಬಿತ್ತು. ಆಕೆ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲವೆಂದು ಕಾಣುತ್ತದೆ. ಜೋಸೆಫನಿಗೆ ಮಕ್ಕಳಿರಲಿಲ್ಲವಂತೆ, ಅವನನ್ನು ನೋಡಲು ಯಾರೂ ಬಂದದ್ದೇ ಇಲ್ಲವಂತೆ. ಪ್ರತಿ ಬೇಸಿಗೆ ನಾವು ತಪ್ಪದೆ ಬಂದು ಅವನ ಜೊತೆ ಊಟ ಮಾಡುವುದನ್ನು ಊರೆಲ್ಲ ಗಮನಿಸಿತ್ತಂತೆ. ಅದು ನಮ್ಮ ಧರ್ಮದ ಆಚರಣೆಯಿರಬೇಕು, ಜೋಸೆಫನಿಗೂ ಭಾರತಕ್ಕೂ ಏನೋ ಸಂಬಂಧವಿರಬೇಕು ಎಂದುಕೊಂಡು, ಕೇಳಿದರೆ ನಮ್ಮ ಮನಸ್ಸಿಗೆ ನೋವಾದೀತೆಂದು ಏಳು ವರ್ಷ ಸುಮ್ಮನಿದ್ದರಂತೆ. ದೊಡ್ಡಮ್ಮನ ತಟ್ಟೆ ಅವರ ಕೊನೆಯ ಸಂದೇಹವನ್ನೂ ನಿವಾರಿಸಿತ್ತು. ಆಕೆ ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು. ಒಬ್ಬರಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬರಿಗೆ ಕನ್ನಡ ಬಾರದು. ನಡುವೆ ನಿಂತ ನನ್ನ ಅಗತ್ಯ ಇಬ್ಬರಿಗೂ ಕಾಣಲಿಲ್ಲ.

ಹೊರಡುವಾಗ ಮಾರ್ಗರೆಟ್ ಶನಿವಾರ ಜನರಿಗೆ ಹಂಚುವ ಅಚ್ಚಾದ ಕಾಗದವನ್ನು ನನ್ನ ಕೈಗಿತ್ತರು. ಕಾರಿನಲ್ಲಿ ಕೂತು ಓದಿದೆ. ಕಣಜವಿತ್ತು, ಕೊಳವಿತ್ತು, ಕಾಲುದಾರಿಯಿತ್ತು. ಕೊನೆಯಲ್ಲಿ ಯೂ ಮರದ ಕೆಳಗಿನ ರೊಟ್ಟಿಯವನ ಗೋರಿ, ಪ್ರತಿ ಬೇಸಿಗೆ ಒಂದು ಭಾರತೀಯ ಕುಟುಂಬ ಬಂದು ಗೌರವ ಸಲ್ಲಿಸುವ ಸ್ಥಳ ಎಂದಿತ್ತು. ಊರು ತೋರಿಸುವವನಾಗಲು ಏಳು ವರ್ಷ ಒದ್ದಾಡಿದವನನ್ನು ಊರು ನೋಡತಕ್ಕ ವಸ್ತುಗಳ ಪಟ್ಟಿಗೆ ಸೇರಿಸಿಬಿಟ್ಟಿತ್ತು.

ಶನಿವಾರ ಸೂಟು ತೊಟ್ಟು ನಿಂತೆ. ಇಪ್ಪತ್ತು ಜನ ಹಿಂದೆ ಬಂದರು. ಕಣಜದ ತೊಲೆಯ ಬಗ್ಗೆ ಹೇಳುವಾಗ ಇಬ್ಬರು ಆಕಳಿಸಿದರು. ಯೂ ಮರದ ಹತ್ತಿರ ಬಂದಾಗ ಮಾತ್ರ ಎಲ್ಲರೂ ಒತ್ತಿಕೊಂಡು ನಿಂತರು, ಕಲ್ಲನ್ನು ನೋಡುವುದಕ್ಕಲ್ಲ, ನನ್ನನ್ನು ನೋಡುವುದಕ್ಕೆ. ಪ್ರಾಮಾಣಿಕನಾದವನು ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಹೇಳಬೇಕೆಂದೇ ಹೊರಟಿದ್ದೆ. ಆದರೆ ಟೋಪಿ ತೆಗೆದು ಕೈಯಲ್ಲಿ ಹಿಡಿದ ಒಬ್ಬ ಮುದುಕರು ಬಹಳ ಮೆಲ್ಲಗೆ, ಈತ ನಿಮಗೆ ಏನಾಗಬೇಕು ಎಂದು ಕೇಳಿದರು. ಅವರ ಮುಖದಲ್ಲಿದ್ದ ಗೌರವವನ್ನು ಕಂಡು ನನಗೆ ಎದೆ ತುಂಬಿ ಬಂತು. ನೆಟ್ಟಗೆ ನಿಂತು, ಕೋಟು ಸರಿಮಾಡಿಕೊಂಡೆ.

“ನಮ್ಮ ದೊಡ್ಡಮ್ಮನ ಕಡೆಯವರು” ಎಂದೆ.